ಇಪ್ಪತ್ತೊಂದು ಪತ್ರಿಯ ಮಳೆಗಾಲ

ಹೋದ ರವಿವಾರ ಪುಣೆಯ ಕೋಥರೂಡಿನಲ್ಲಿ ಒಂದು ನಾಮಕರಣವಿತ್ತು. ನಾವು ಇಪ್ಪತ್ತಾರು ವರ್ಷ ಇದ್ದ ಹಳೆಯ ಹೌಸಿಂಗ್ ಸೊಸೈಟಿಯಲ್ಲೇ. ನನ್ನ ಹೆಂಡತಿ ಪದ್ಮಾಳ ಮೊಣಕಾಲು ಮೂರು ಮಹಡಿಯ ಮೆಟ್ಟಿಲುಗಳ ಜೊತೆ ಮಾತು ಬಿಟ್ಟ ಮೇಲೆ, ಲಿಫ್ಟ್ ಇರುವ ಮನೆ ಹುಡುಕಿಕೊಂಡು ನಾವು ಪುಣೆಯ ಇನ್ನೊಂದು ತುದಿಗೆ ಹೋಗಿ ಎರಡು ವರ್ಷವಾಯಿತು. ಊಟಕ್ಕೆ ಬಡಿಸುವವರೆಲ್ಲ ಹಳೆಯ ಪರಿಚಯದವರು. ಬೇಡವೆಂದಷ್ಟೂ ಶ್ರೀಖಂಡ ಬೀಳುತ್ತಿತ್ತು. ಅದನ್ನು ಅರಗಿಸಲೆಂದು ಹಿಂದಿನ ಗೇಟು ದಾಟಿ ಉದ್ಯಾನಕ್ಕೆ ಇಳಿದೆ. ದಾರಿಯ ಅಂಚಿನ ಒಂದು ಪೊದೆ ನನ್ನ ಕಾಲನ್ನು ಸವರಿತು. ಎರಡು ಹೆಜ್ಜೆ ಮುಂದೆ ಹೋದವನು ಹಾಗೇ ನಿಂತೆ. ಮರುಗದ ವಾಸನೆ.

ಮರುಗ ಗೊತ್ತಲ್ಲ, ಅಬ್ಬಲಿಗೆಯ ಮಾಲೆಯಲ್ಲಿ ನಡುನಡುವೆ ಹಸಿರಾಗಿ ಸೇರಿಸಿ ಕಟ್ಟುತ್ತಾರಲ್ಲ, ಅದು. ಮರಾಠಿಯವರಿಗೆ ಮರವಾ. ನಾನು ಅತ್ತಿತ್ತ ನೋಡಿ, ಒಂದು ಕುಡಿ ಚಿವುಟಿ, ಅಂಗೈಯಲ್ಲಿ ಮುಚ್ಚಿಕೊಂಡೆ. ಅರವತ್ತು ದಾಟಿದ ಗಂಡಸು ಒಂದು ಕುಡಿ ಚಿವುಟಲು ಯಾಕೆ ಅತ್ತಿತ್ತ ನೋಡಬೇಕು ಎಂದು ಯಾರಾದರೂ ಕೇಳಿದರೆ, ಆ ಒಂದು ಮಳೆಗಾಲದ ಕಥೆಯನ್ನೇ ಹೇಳಬೇಕಾಗುತ್ತದೆ.

ಆಗ ಇದು ಉದ್ಯಾನವಲ್ಲ. ಇದಕ್ಕೊಂದು ಹೆಸರೂ ಇರಲಿಲ್ಲ. 'ಹಿಂದಿನ ಜಾಗ' ಎನ್ನುತ್ತಿದ್ದೆವು. ಊರಿನ ನಕಾಶೆಯಲ್ಲಿ ಇದಕ್ಕೆ ಹಸಿರು ಬಣ್ಣ ಬಳಿದಿತ್ತಂತೆ, ಆದರೆ ನೆಲದ ಮೇಲೆ ಹಸಿರಾಗಿದ್ದದ್ದು ಒಡೆದ ಬಾಟಲಿಗಳು ಮಾತ್ರ. ಸುತ್ತಮುತ್ತ ಯಾರು ಬಚ್ಚಲ ಒಡೆಸಿ ಕಟ್ಟಿಸಿದರೂ ಅದರ ಇಟ್ಟಿಗೆ, ಟೈಲ್ಸಿನ ಚೂರುಗಳೆಲ್ಲ ಇಲ್ಲಿಗೆ ಬಂದು ಬೀಳುತ್ತಿದ್ದವು. ಇದಕ್ಕೆ ಪುಣೆಯಲ್ಲಿ ರಾಡಾರೋಡಾ ಎಂಬ ಚಂದದ ಹೆಸರಿದೆ. ನಮ್ಮ ಮೂರನೆಯ ಮಹಡಿಯ ಅಡಿಗೆಮನೆಯ ಕಿಟಕಿಯಿಂದ ಎರಡು ಕಮೋಡು ಮತ್ತು ಸ್ಪ್ರಿಂಗು ಹೊರಬಂದ ಒಂದು ಸೋಫಾ ಕಾಣುತ್ತಿದ್ದವು. ಅತಿಥಿಗಳು ಬಂದಾಗ ಪದ್ಮಾ ಆ ಕಿಟಕಿಯ ಪರದೆ ಎಳೆಯುತ್ತಿದ್ದಳು.

ನೆಲಮಹಡಿಯಲ್ಲಿ, ಆ ಜಾಗಕ್ಕೆ ಮುಖ ಮಾಡಿ ಇದ್ದವರು ಸುಲಭಾತಾಯಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ತವರು ಬೆಳಗಾವಿಯಾದ್ದರಿಂದ ಮರಾಠಿ ಮಾತಾಡಿದಷ್ಟೇ ಸರಾಗವಾಗಿ ಕನ್ನಡ ಮಾತಾಡುತ್ತಿದ್ದರು. ಬೈಯುವುದಿದ್ದರೆ ನನಗೆ ಕನ್ನಡದಲ್ಲೇ ಬೈಯುತ್ತಿದ್ದರು. ಆ ಜಾಗ ಉದ್ಯಾನವಾಗಬೇಕೆಂದು ಅವರು ಒಂಬತ್ತು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದರು. ಪ್ರತಿ ಅರ್ಜಿಯ ಪ್ರತಿಯೂ ಅವರ ಹತ್ತಿರ ಒಂದು ನೀಲಿ ಫೈಲಿನಲ್ಲಿ ದಿನಾಂಕವಾರು ಇರುತ್ತಿತ್ತು. ಅರ್ಜಿಯ ಜೊತೆಗೆ ಪಾಟಿಗಳನ್ನೂ ಬರೆಯುತ್ತಿದ್ದರು. ಪುಣೆಯವರಿಗೆ ಹಲಗೆಯ ಮೇಲೆ ನಾಲ್ಕು ಸಾಲು ಬರೆದು ಗೋಡೆಗೆ ತೂಗುಹಾಕಿ, ಓದಿದವನ ಕಿವಿ ಕೆಂಪಾಗುವಂತೆ ಮಾಡುವ ಕಲೆ ಹುಟ್ಟಿನಿಂದ ಬಂದಿದೆ. ಸುಲಭಾತಾಯಿ ಅದನ್ನು ಬೆಳಗಾವಿಯಿಂದ ಬಂದು ಕಲಿತು ಅವರನ್ನೂ ಮೀರಿಸಿದ್ದರು. 'ಇಲ್ಲಿ ಕಸ ಹಾಕುವವರು ತಮ್ಮ ಹೆಸರು, ವಿಳಾಸ ಬರೆದಿಡಬೇಕು. ಮರೆತುಹೋದ ಸಾಮಾನನ್ನು ಮನೆಗೇ ತಲುಪಿಸುತ್ತೇವೆ' ಎಂಬ ಪಾಟಿ ಎಷ್ಟೋ ವರ್ಷ ಅಲ್ಲಿ ನೇತಾಡುತ್ತಿತ್ತು. ಅದರ ಕೆಳಗೇ ಕಸವೂ ಬೀಳುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ, ಬಿಸಿಲಿಗೆ ಡಾಂಬರು ಮೆತ್ತಗಾಗುವ ಹೊತ್ತಿನಲ್ಲಿ, ಉದ್ಯಾನ ವಿಭಾಗದ ಒಬ್ಬ ಅಧಿಕಾರಿ ಕಡೆಗೂ ಬಂದರು. ಮೋರೆ ಸಾಹೇಬರೆಂದು ಅವರ ಹೆಸರು. ಕಡಿಮೆ ಮಾತಿನ, ಬೆವರು ಒರೆಸಿಕೊಳ್ಳುತ್ತಲೇ ಇರುವ ಮನುಷ್ಯ. ರಾಡಾರೋಡಾದ ಗುಡ್ಡೆ ಹತ್ತಿ ಇಳಿದು, ಸುಲಭಾತಾಯಿಯ ಫೈಲನ್ನು ತೂಗಿ ನೋಡಿ, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: "ಮೇಡಂ, ಉದ್ಯಾನ ಮಾಡುವುದು ಕಷ್ಟವಲ್ಲ. ಆಮೇಲೆ ಅದನ್ನು ನೋಡುವವರೇ ಇರುವುದಿಲ್ಲ. ಈ ಮಳೆಗಾಲ ನೀವು ಗಿಡ ನೆಟ್ಟು ಉಳಿಸಿ ತೋರಿಸಿ. ಗಣಪತಿ ಹಬ್ಬದ ಹೊತ್ತಿಗೆ ಬಂದು ನೋಡುತ್ತೇನೆ. ಉಳಿದಿದ್ದರೆ ಉದ್ಯಾನ. ಇಲ್ಲದಿದ್ದರೆ ಪಾರ್ಕಿಂಗ್‌ಗೆ ಕೊಡಿ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ."

ಆ ಕೇಳುವವರಲ್ಲಿ ನಾನೂ ಒಬ್ಬ. ಮುಚ್ಚಿಡುವುದೇಕೆ? ನನ್ನ ಕಾರು ರಸ್ತೆಯಲ್ಲಿ ನಿಂತು ನಿಂತು ಎರಡೂ ಕನ್ನಡಿ ಕಳೆದುಕೊಂಡಿತ್ತು. ಆ ವರ್ಷ ಬೇರೆ ಯಾರೂ ಒಪ್ಪಲಿಲ್ಲವೆಂದು ನಾನೇ ಸೊಸೈಟಿಯ ಕಾರ್ಯದರ್ಶಿಯಾಗಿದ್ದೆ. ಗಚ್ಚಿಯ ಮೇಲೆ, ಅದೇ ತಾರಸಿಯಲ್ಲಿ, ಸೇರಿದ ಸಭೆಯಲ್ಲಿ, ಪಾರ್ಕಿಂಗ್ ಆದರೂ ತಪ್ಪೇನಿಲ್ಲ ಎಂದು ನಾನು ಶುರುಮಾಡಿದ್ದೆನಷ್ಟೆ.

"ದೇಸಾಯರ," ಎಂದರು ಸುಲಭಾತಾಯಿ, "ನಿಮ್ಮ ಗಾಡಿಗೆ ನೆರಳ ಬೇಕು, ಗಿಡಾ ಮಾತ್ರ ಬ್ಯಾಡ. ಇದು ಯಾವ ಗಣಿತರಿ?"

ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮುಂದಿನ ಹತ್ತು ನಿಮಿಷದಲ್ಲಿ ಆ ಜಾಗದ ಜವಾಬ್ದಾರಿಯ ಕಾಗದಕ್ಕೆ ಸುಲಭಾತಾಯಿಯ ಸಹಿಯ ಕೆಳಗೆ ನನ್ನ ಸಹಿಯೂ ಬಿದ್ದಿತ್ತು.

ಜಾಗ ಸ್ವಚ್ಛ ಮಾಡಲು ನಾಲ್ಕು ರವಿವಾರ ಹಿಡಿದವು. ಮೊದಲ ರವಿವಾರ ಬಂದವರು ಆರು ಜನ. ಪದ್ಮಾ ದೊಡ್ಡ ಪಾತ್ರೆಯ ತುಂಬ ಗಿರ್ಮಿಟ್ ಕಲಸಿ ಒಯ್ದಳು. ಧಾರವಾಡದ ಗಿರ್ಮಿಟ್ ತಿಂದ ಸುದ್ದಿ ಸೊಸೈಟಿಯ ಗ್ರೂಪಿನಲ್ಲಿ ಫೋಟೋ ಸಮೇತ ಹರಡಿ, ಎರಡನೆಯ ರವಿವಾರ ಹತ್ತೊಂಬತ್ತು ಜನ ಬಂದರು. ಸಲಿಕೆ ಹಿಡಿದವರಿಗಷ್ಟೇ ಗಿರ್ಮಿಟ್ ಎಂದು ಸುಲಭಾತಾಯಿ ಪಾಟಿ ಬರೆದರು. ಮೊದಲ ಮಹಡಿಯ ಲೇಲೆ ಕಾಕಾ, ಸಕ್ಕರೆ ಡಬ್ಬಿಯನ್ನೂ ಹೆಂಡತಿ ಎತ್ತಿಕೊಡಬೇಕಾದವರು, ಆ ಸೋಫಾವನ್ನು ಒಬ್ಬರೇ ಎಳೆದು ರಸ್ತೆಗೆ ತಂದು, ಅದರ ಮೇಲೇ ಕುಳಿತು ಗಿರ್ಮಿಟ್ ತಿಂದರು. ಉದ್ಯಾನ ವಿಭಾಗದವರು ರಾಡಾರೋಡಾ ಎತ್ತಲು ಲಾರಿ ಕಳಿಸಿದರು, ಎರಡು ಟ್ರಾಕ್ಟರ್ ಕೆಂಪು ಮಣ್ಣು ಸುರಿಸಿದರು. ನನಗೆ ಅಂಗೈಯಲ್ಲಿ ಬೊಬ್ಬೆ ಬಂದವು. ಆಫೀಸಿನಲ್ಲಿ ಅವನ್ನು ಎಲ್ಲರಿಗೂ ತೋರಿಸಿದೆ.

ಯಾವ ಗಿಡ ನೆಡಬೇಕು ಎಂಬಲ್ಲಿ ಬಂತು ನೋಡಿ ಜಗಳ. ಒಬ್ಬರಿಗೆ ಗುಲಾಬಿ, ಒಬ್ಬರಿಗೆ ಮಾವು, ಇನ್ನೊಬ್ಬರಿಗೆ ಬರೀ ಹುಲ್ಲುಹಾಸು. ಆಗ ಪದ್ಮಾ, ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು, ಎದ್ದು ನಿಂತಳು.

"ಗಣಪತಿಗೆ ಇಪ್ಪತ್ತೊಂದು ಪತ್ರಿ ಬೇಕಲ್ಲರಿ. ವರ್ಷಾ ಮಂಡಯಿ ಮಾರ್ಕೆಟ್ಟಿಗೆ ಹೋಗಿ ಒಂದ್ ಪುಡಕಿ ತರತೀವಿ. ಅದರಾಗ ಏನಿರತದ? ಯಾವುದರೆ ಕಸಾ ಕಿತ್ತು ಕಟ್ಟಿರತಾರ. ಆ ಇಪ್ಪತ್ತೊಂದೂ ಗಿಡಾ ಇಲ್ಲೇ ಹಚ್ಚೋಣು."

ಪುಣೆಯಲ್ಲಿ ಗಣಪತಿಯ ಹೆಸರು ಹೇಳಿದ ಮೇಲೆ ವಾದ ಮಾಡುವವರು ಯಾರು? ಬಿಲ್ವ, ಬನ್ನಿ, ಎಕ್ಕ, ಲಕ್ಕಿ, ಕಣಗಿಲೆ, ದಾಳಿಂಬೆ, ಜಾಜಿ, ಮಾಚಿಪತ್ರೆ, ಮತ್ತಿ, ಅರಳಿ ಎಂದು ಪಟ್ಟಿ ಬೆಳೆಯಿತು. ದೇವದಾರು ಈ ಊರಿನಲ್ಲಿ ಬೆಳೆಯದು ಎಂದಾಗ ಲೇಲೆ ಕಾಕಾ, "ಅಶೋಕ ಹಚ್ಚಿ, ಎತ್ತರ ಇದ್ದರೆ ಸಾಕು, ದೇವರು ಹೊಂದಿಸಿಕೊಳ್ಳುತ್ತಾನೆ" ಎಂದರು. ಇಪ್ಪತ್ನಾಲ್ಕು ಮನೆ, ಇಪ್ಪತ್ತೊಂದು ಗಿಡ. ಚೀಟಿ ಎತ್ತಿ ಹಂಚಿದೆವು. ಗಿಡ ಸಿಗದ ಮೂರು ಮನೆಯವರು ಮುಖ ಊದಿಸಿದ್ದರಿಂದ ಅವರಿಗೆ ತುಳಸಿಯ ಸಾಲು ಕೊಟ್ಟೆವು. ಪದ್ಮಾಳ ಚೀಟಿಯಲ್ಲಿ ಮರುಗ ಬಂತು.

ಜೂನ್ ನಡುವಿಗೆ ಮಳೆ ಹಿಡಿಯಿತು. ಮೊದಲ ಮಳೆಯ ಸಂಜೆ ಇಡೀ ಸೊಸೈಟಿ ಬಾಲ್ಕನಿಗೆ ಬಂದು, ತಮ್ಮ ತಮ್ಮ ಗಿಡ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತಿತ್ತು. ಅಷ್ಟು ವರ್ಷದಲ್ಲಿ ನಾವು ಹೆಸರು ಕೇಳದ ನೆರೆಯವರೆಲ್ಲ ಆ ಮಳೆಗಾಲದಲ್ಲಿ ಗಿಡದ ಹೆಸರಿನಿಂದ ಪರಿಚಯವಾದರು. ಬಿಲ್ವದವರು, ಎಕ್ಕದವರು, ದಾಳಿಂಬೆಯವರು. ಲೇಲೆ ಕಾಕಾ ತಮ್ಮ ಉತ್ತರಾಣಿ ಎಲ್ಲರಿಗಿಂತ ವೇಗವಾಗಿ ಬೆಳೆಯುತ್ತಿದೆ ಎಂದು ಬೀಗುತ್ತಿದ್ದರು. ಅದು ಕಸದಂತೆ ಎಲ್ಲಿ ಬೇಕಾದರೂ ಬೆಳೆಯುವ ಗಿಡ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮ ಮರುಗಕ್ಕೆ ಮಾತ್ರ ಜಡಿಮಳೆ ಆಗಿಬರಲಿಲ್ಲ. ಬುಡ ಕೊಳೆಯತೊಡಗಿತು. ಪದ್ಮಾ ನನ್ನ ಆಫೀಸಿನ ಕೊಡೆಯನ್ನು ಬಿದಿರಿನ ಕೋಲಿಗೆ ಕಟ್ಟಿ ಅದರ ಮೇಲೆ ನಿಲ್ಲಿಸಿದಳು. ಆ ಜುಲೈ ಪೂರ್ತಿ ನಾನು ನೆನೆಯುತ್ತ ಬಸ್ ಹತ್ತಿದೆ, ಮರುಗ ಕೊಡೆಯ ಕೆಳಗೆ ಬೆಚ್ಚಗೆ ಕುಳಿತಿತ್ತು.

ಸುಲಭಾತಾಯಿ ದಿನಾ ಬೆಳಿಗ್ಗೆ ಛತ್ರಿ ಹಿಡಿದು ಪ್ರತಿ ಗಿಡದ ಮುಂದೆ ನಿಂತು ಹೊಸ ಎಲೆಗಳನ್ನು ಎಣಿಸಿ ವಹಿಯಲ್ಲಿ ಬರೆಯುತ್ತಿದ್ದರು. ಒಂದು ದಿನ ನಾನು ತಮಾಷೆಗೆ, "ತಾಯಿ, ಹಾಜರಿ ತಗೋತೀರೇನ್ರಿ?" ಎಂದೆ. ಅವರು ನಗಲಿಲ್ಲ. "ಒಂಬತ್ತ ವರ್ಷ ಈ ಕಿಡಕಿಯಾಗ ಕೂತು ಆ ಸಂಡಾಸದ ಭಾಂಡೆ ನೋಡೇನ್ರಿ, ದೇಸಾಯರ. ಈಗ ಎಲಿ ನೋಡಾಕತ್ತೇನಿ. ಇದೊಂದು ಆಗಲಿಲ್ಲಂದ್ರ ನನ್ನ ಕೈಲೆ ಇನ್ನೊಂದ ಅರ್ಜಿ ಬರಿಯೂದಾಗೂದಿಲ್ಲ." ಅಂದಿನಿಂದ ನಾನು ಆ ವಹಿಯ ಬಗ್ಗೆ ತಮಾಷೆ ಮಾಡಲಿಲ್ಲ.

ಗಣಪತಿ ಹಬ್ಬಕ್ಕೆ ಒಂದು ವಾರವಿದ್ದಾಗ ಮೋರೆ ಸಾಹೇಬರ ಫೋನು ಬಂತು. ಚೌತಿ ಬುಧವಾರ, ಶುಕ್ರವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದರು. ನಮಗೆಲ್ಲ ಗೆದ್ದಷ್ಟೇ ಸಂಭ್ರಮ. ಗಿಡಗಳು ತುಂಬಿ ನಿಂತಿದ್ದವು. ಎಕ್ಕ ಸೊಂಟದೆತ್ತರ ಬೆಳೆದಿತ್ತು, ಲಕ್ಕಿ ಅದಕ್ಕಿಂತ ಮೇಲೆ. ಕೊಡೆಯ ಕೆಳಗಿನ ಮರುಗವೂ ಚೇತರಿಸಿಕೊಂಡಿತ್ತು. ಸುಲಭಾತಾಯಿಯ ಮನೆಯ ಗಣಪತಿ ಬೆಳಗಾವಿಯಲ್ಲಿ ಅಣ್ಣನ ಮನೆಯಲ್ಲಿ ಕೂಡುವುದು. ಮಂಗಳವಾರ ಹೊರಟವರು ಜಾಗದ ಗೇಟಿನ ಕೀಲಿಯನ್ನು ನನ್ನ ಕೈಗಿಟ್ಟರು.

"ಎರಡ ದಿನ ನಿಮ್ಮ ಮ್ಯಾಲೆ ಬಿಟ್ಟ ಹೋಗತೇನಿ. ಗುರುವಾರ ಮಧ್ಯಾಹ್ನ ಬರತೇನಿ."

"ನೀವೇನು ಕಾಳಜಿ ಮಾಡಬ್ಯಾಡ್ರಿ, ತಾಯಿ," ಎಂದೆ.

ಚೌತಿಯ ದಿನ ಬೆಳಿಗ್ಗೆ ಆರು ಗಂಟೆಗೆ ನಾನೇ ಗೇಟು ತೆಗೆದೆ. ಪದ್ಮಾ ಮಿಂದು ಮಡಿಯುಟ್ಟು ಬೆಳ್ಳಿಯ ತಟ್ಟೆ ಹಿಡಿದು ಹಿಂದೆ ಇದ್ದಳು. "ಒಂದೊಂದರದೂ ಇಪ್ಪತ್ತೊಂದ ಎಲಿ ಏರಸೂದು ನಮ್ಮ ಪದ್ಧತಿ" ಎಂದಳು. ಅದು ಅವಳ ತವರಿನ ಪದ್ಧತಿ. ನಮ್ಮ ಮನೆಯಲ್ಲಿ ಒಂದೊಂದೇ ಎಲೆ ಏರಿಸುತ್ತಿದ್ದರು. ಆದರೆ ಹಬ್ಬದ ದಿನ ಬೆಳಿಗ್ಗೆ ಆರು ಗಂಟೆಗೆ ಯಾವ ಗಂಡ ಆ ಮಾತು ಎತ್ತುತ್ತಾನೆ? ಎಕ್ಕ, ಲಕ್ಕಿ, ಕಣಗಿಲೆ ಎಂದು ನಾನೇ ಕೊಂಬೆ ಬಗ್ಗಿಸಿ ಹಿಡಿದೆ, ಅವಳು ಬಿಡಿಸಿದಳು. ನಾವು ಮುಗಿಸುವಷ್ಟರಲ್ಲಿ ಬಿಲ್ವದವರು ಬಂದರು. ಅವರ ಹಿಂದೆ ದಾಳಿಂಬೆಯವರು. ಎಲ್ಲರ ಕೈಯಲ್ಲೂ ತಟ್ಟೆ, ಎಲ್ಲರ ಮುಖದಲ್ಲೂ ತಾವೇ ಬೆಳೆಸಿದ ಪತ್ರಿಯನ್ನು ದೇವರಿಗೆ ಏರಿಸುವ ಹಿಗ್ಗು. ನಾನು ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೂ, "ಬರ್ರಿ, ಬರ್ರಿ, ನಿಮ್ಮದ ಗಿಡಾ" ಎಂದು ಮದುವೆಮನೆಯ ಯಜಮಾನನಂತೆ ಸ್ವಾಗತಿಸಿದೆ. ಪಕ್ಕದ ಸೊಸೈಟಿಯವರು ಇಣುಕಿದಾಗ ಅವರನ್ನೂ ಕರೆದೆ.

ಪೂಜೆ, ಆರತಿ, ಮೋದಕ, ಊಟ ಎಲ್ಲ ಮುಗಿಸಿ ಮಧ್ಯಾಹ್ನ ಅಡಿಗೆಮನೆಯ ಕಿಟಕಿಯಿಂದ ಕೆಳಗೆ ನೋಡಿದೆ. ಕೆಂಪು ಮಣ್ಣಿನಲ್ಲಿ ಬರೀ ಕಡ್ಡಿಗಳು ನಿಂತಿದ್ದವು. ಬಿಲ್ವಕ್ಕೆ ತುದಿಯ ಮೂರೇ ಎಲೆ. ಬನ್ನಿ ಬೋಳು. ಎಕ್ಕದ ಕೊಂಬೆಗಳ ತುದಿಯಲ್ಲಿ ಹಾಲು ಒಣಗಿತ್ತು. ಕೊಡೆ ನಿಂತಿತ್ತು, ಅದರ ಕೆಳಗೆ ಮರುಗ ಇದ್ದೂ ಇಲ್ಲದಂತಿತ್ತು. ಎಲ್ಲ ಎಲೆಗಳೂ ಮನೆಮನೆಗಳಲ್ಲಿ ಗಣಪತಿಯ ಪಾದದ ಹತ್ತಿರ ರಾಶಿ ಬಿದ್ದಿದ್ದವು. ಯಾರೂ ದುರಾಸೆ ಮಾಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನಷ್ಟೇ ಒಯ್ದಿದ್ದರು. ಆ ಪಾಲುಗಳನ್ನು ಕೂಡಿಸಿ ನೋಡುವ ಒಬ್ಬರೇ ಒಬ್ಬರು ಬೆಳಗಾವಿಯಲ್ಲಿದ್ದರು.

ಗುರುವಾರ ಮಧ್ಯಾಹ್ನ ಸುಲಭಾತಾಯಿ ಬಂದರು. ಮನೆಗೂ ಹೋಗದೆ, ಕೈಯಲ್ಲಿ ಕುಂದಾದ ಡಬ್ಬಿ ಹಿಡಿದುಕೊಂಡೇ ನೇರ ಹಿಂದಿನ ಜಾಗಕ್ಕೆ ನಡೆದರು. ನಾನು ಓಡಿ ಇಳಿದೆ. ಅವರು ನಡುವೆ ನಿಂತು ಒಂದು ಸುತ್ತು ನೋಡಿದರು. ಆಮೇಲೆ ಅಂಚಿನ ಕಲ್ಲಿನ ಮೇಲೆ ಕುಳಿತರು. ಬೈಗುಳಕ್ಕೆ ನಾನು ತಯಾರಾಗಿ ಬಂದಿದ್ದೆ, ಅವರು ಬೈಯಲಿಲ್ಲ.

"ಆಡು ಬಂದಿದ್ದುವೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಇಲ್ರಿ, ತಾಯಿ."

"ಮತ್ತ?"

"ನಾವ ಬಂದಿದ್ದಿವ್ರಿ. ಗೇಟ ನಾನ ತೆಗದೆ. ಮೊದಲನೇ ಎಲಿನೂ ನಮ್ಮನಿಯಾವರ ಕಿತ್ತಿದ್ದು."

ಅವರು ಕುಂದಾದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಒರೆಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಆ ಸಿಹಿಯ ಡಬ್ಬಿಯನ್ನು ಆ ದಿನ ನಮ್ಮ ಮನೆಯಲ್ಲಿ ಯಾರೂ ತೆರೆಯಲಿಲ್ಲ.

ನಮ್ಮದು ಒಂದೂವರೆ ದಿನದ ಗಣಪತಿ. ಆ ಸಂಜೆ ಗಚ್ಚಿಯ ಮೇಲೆ ಬಕೆಟ್ಟಿನ ನೀರಿನಲ್ಲಿ ಮಣ್ಣಿನ ಮೂರ್ತಿಯನ್ನು ವಿಸರ್ಜನೆ ಮಾಡಿದೆವು. ನಿರ್ಮಾಲ್ಯದ ಪತ್ರಿ, ಹೂವು ಒಂದು ಬುಟ್ಟಿಯಷ್ಟು ಉಳಿಯಿತು. ಪ್ರತಿವರ್ಷ ಅದನ್ನು ನದಿಯ ಹತ್ತಿರ ಇಟ್ಟಿರುವ ನಿರ್ಮಾಲ್ಯದ ಡಬ್ಬಕ್ಕೆ ಒಯ್ಯುವುದು ನನ್ನ ಕೆಲಸ. ಬುಟ್ಟಿ ಎತ್ತಿಕೊಂಡಾಗ ಪದ್ಮಾ ತಡೆದಳು.

"ಅಲ್ಲಿಗ್ಯಾಕ ಒಯ್ತೀರಿ? ಎಲ್ಲಿಂದ ತಂದೇವಿ ಅಲ್ಲೇ ಹಾಕೋಣು. ಬುಡಕ್ಕ ಗೊಬ್ಬರ ಆಗತದ. ತಾಯಿ ಮುಂದ ಮುಖಾ ಎತ್ತಿ ನಿಂದರಲಿಕ್ಕೆ ನಮಗ ಅಷ್ಟರೆ ಬೇಕು."

ಅವಳೇ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದಳು. ಶುಕ್ರವಾರ ಬೆಳಿಗ್ಗೆ ಇಳಿದು ಹೋದಾಗ ನಾವಿಬ್ಬರೇ ಇರುತ್ತೇವೆ ಎಂದುಕೊಂಡಿದ್ದೆ. ಒಂದೂವರೆ ದಿನದ ಗಣಪತಿಯ ಮನೆಯವರು ಬಾಡಿದ ಪತ್ರಿ ತಂದರು. ಐದು ದಿನ, ಹತ್ತು ದಿನ ಇಡುವವರು ಹಿಂದಿನ ಪೂಜೆಯ ನಿರ್ಮಾಲ್ಯ ತೆಗೆದು ತಂದರು. ಎಲ್ಲರೂ ತಲೆ ತಗ್ಗಿಸಿ, ತಮ್ಮ ತಮ್ಮ ಗಿಡದ ಬುಡದಲ್ಲಿ ಕೂತು, ಮಣ್ಣು ಕೆದರಿ ಎಲೆ ಹೂಳತೊಡಗಿದರು. ಲೇಲೆ ಕಾಕಾ ಬೋಳು ಉತ್ತರಾಣಿಗೆ ಮರಾಠಿಯಲ್ಲಿ ಕ್ಷಮೆ ಕೇಳುತ್ತಿದ್ದರು. ಸುಲಭಾತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಮೋರೆ ಸಾಹೇಬರು ಗೇಟಿನೊಳಗೆ ಬಂದೇಬಿಟ್ಟರು.

ಅವರು ಕಡ್ಡಿಗಳನ್ನು ನೋಡಿದರು. ಬಗ್ಗಿ ಕೂತಿದ್ದ ನಲವತ್ತು ಜನರನ್ನು ನೋಡಿದರು. "ಇದೇನು?" ಎಂದರು. ಕಾಗದದ ಮೇಲೆ ನನ್ನ ಸಹಿಯಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು. ನಾನೇ ಮುಂದೆ ಹೋಗಿ, ನನ್ನ ಧಾರವಾಡದ ಮರಾಠಿಯಲ್ಲಿ, ಪದ್ಮಾಳ ಬೆಳ್ಳಿ ತಟ್ಟೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ಸುಲಭಾತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ, ಅವರು ಊರಲ್ಲೇ ಇರಲಿಲ್ಲ" ಎಂದು ಎರಡು ಸಲ ಹೇಳಿದೆ.

ಮೋರೆ ಸಾಹೇಬರು ಬನ್ನಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಉಗುರಿನಿಂದ ಕಡ್ಡಿಯ ತೊಗಟೆ ಸ್ವಲ್ಪ ಕೆರೆದರು. ಒಳಗೆ ಹಸಿರು. ಬಿಲ್ವ ಕೆರೆದರು, ಹಸಿರು. ದಾಳಿಂಬೆಯ ಗಿಣ್ಣಿನಲ್ಲಿ ಎಳ್ಳಿನಷ್ಟು ಚಿಗುರನ್ನು ತೋರಿಸಿ ನನ್ನನ್ನು ಹತ್ತಿರ ಕರೆದರು. ಹದಿನೈದು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ಮಳೆ ಇದೆಯಲ್ಲ ಎಂದರು. ಎದ್ದು ನಿಂತು, ಬೆವರು ಒರೆಸಿಕೊಂಡು, ಬಾಗಿಲಲ್ಲಿದ್ದ ಸುಲಭಾತಾಯಿಯ ಕಡೆ ತಿರುಗಿದರು.

"ಮೇಡಂ, ಯಾರೂ ಬರದೆ ಒಣಗಿಹೋದ ಗಿಡಗಳನ್ನು ನಾನು ಬಹಳ ಕಡೆ ನೋಡಿದ್ದೇನೆ. ಇಷ್ಟು ಜನ ಬಂದು ಬೋಳಾದ ಗಿಡ ನೋಡಿದ್ದು ಇದೇ ಮೊದಲು. ಈ ಜನರ ನಡುವೆ ಪಾರ್ಕಿಂಗ್ ಮಾಡಲು ನನಗಂತೂ ಧೈರ್ಯವಿಲ್ಲ." ಫೈಲು ತೆರೆದು ಅಲ್ಲೇ ನಿಂತು ಬರೆದು ಸಹಿ ಮಾಡಿದರು. ಹೊರಡುವಾಗ ಗೇಟಿನ ಹತ್ತಿರ ನಿಂತು, ಸ್ವಲ್ಪ ಸಂಕೋಚದಿಂದ, "ಬನ್ನಿ ಪತ್ರಿ ನನಗೆ ಈ ಸಲ ಇಡೀ ಮಂಡಯಿ ಸುತ್ತಿದರೂ ಸಿಗಲಿಲ್ಲ. ಮುಂದಿನ ವರ್ಷ ಒಂದು ಎಲೆ ನನಗಾಗಿ ಇಡುತ್ತೀರಾ?" ಎಂದು ಕೇಳಿದರು.

"ಒಯ್ಯಿರಿ," ಎಂದರು ಸುಲಭಾತಾಯಿ, ಎರಡು ದಿನಗಳಲ್ಲಿ ಮೊದಲ ಸಲ ಅವರ ಹಳೆಯ ದನಿಯಲ್ಲಿ. "ಆದರೆ ನಿರ್ಮಾಲ್ಯ ತಂದು ಇಲ್ಲೇ ಹಾಕಬೇಕು." ಪದ್ಮಾ ಮೇಲಿನಿಂದ ತಂದ ಕುಂದಾದ ಡಬ್ಬಿ ಆಗ ತೆರೆಯಿತು. ಮಣ್ಣಿನ ಕೈಯಲ್ಲೇ ತಿಂದೆವು.

ಮುಂದಿನ ಬೇಸಿಗೆಯಲ್ಲಿ ಬೇಲಿ ಬಂತು, ಕಲ್ಲಿನ ದಾರಿ ಬಂತು, ಬೆಂಚು ಬಂದವು. ಮುಂದಿನ ಚೌತಿಗೆ ಗೇಟಿನ ಮೇಲೆ ಒಂದು ಪಾಟಿಯೂ ಬಂತು. 'ಒಂದು ಮನೆಗೆ ಒಂದೇ ಎಲೆ. ದೇವರು ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.' ಅದು ಇವತ್ತಿಗೂ ಅಲ್ಲಿದೆ. ಬಣ್ಣ ಹೋದಾಗೆಲ್ಲ ಯಾರೋ ಹೊಸದಾಗಿ ಬಳಿಯುತ್ತಾರೆ. ನನ್ನ ಕಾರಿನ ಕನ್ನಡಿಗಳು ಮತ್ತೆರಡು ಸಲ ಹೋದವು. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಹೋದ ರವಿವಾರ ಮುಚ್ಚಿದ ಮುಷ್ಟಿಯಲ್ಲಿ ಮರುಗ ಹಿಡಿದು ನಾನು ಅಲ್ಲಿ ನಿಂತಿದ್ದಾಗ ಬನ್ನಿಯ ನೆರಳಲ್ಲಿ ಮಕ್ಕಳು ಉರುಳಾಡುತ್ತಿದ್ದರು. ಬನ್ನಿ ಈಗ ಎರಡಾಳೆತ್ತರ. ಬಿಲ್ವದ ಕೆಳಗಿನ ಬೆಂಚಿನಿಂದ ಒಂದು ದನಿ ಬಂತು.

"ದೇಸಾಯರ, ಎಷ್ಟು?"

ನಾನು ಬೆಚ್ಚಿಬಿದ್ದು ತಿರುಗಿದೆ. ಸುಲಭಾತಾಯಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು ಬಂದಿತ್ತು. ಕಣ್ಣು ಮಾತ್ರ ಹಾಗೇ ಇದ್ದವು. ನಾನು ಮುಷ್ಟಿ ಬಿಚ್ಚಿ ತೋರಿಸಿದೆ.

"ಒಂದ ರಿ, ತಾಯಿ. ಪದ್ಮಾಗ ವಾಸನಿ ತೋರಸಬೇಕಂತ."

ಅವರು ಕುಡಿಯನ್ನು ತೆಗೆದುಕೊಂಡು ಮೂಸಿ, ಮತ್ತೆ ನನ್ನ ಅಂಗೈಯಲ್ಲಿಟ್ಟರು. "ಒಯ್ಯಿರಿ. ನಿಮ್ಮ ಆಫೀಸಿನ ಕೊಡಿ ಇನ್ನೂ ನನ್ನ ಕಡೆ ಅದ, ಜೂನದಾಗ ಮರುಗಕ್ಕ ಹಚ್ಚತೇನಿ." ಕೋಲಿನಿಂದ ಮರುಗದ ಬುಡ ತೋರಿಸಿ ಹೇಳಿದರು: "ರೂಢಿ ಗೊತ್ತದ ಅಲ್ಲ? ಒಣಗಿದ ಮ್ಯಾಲೆ ತಂದು ಹಾಕಬೇಕು. ಪದ್ಮಾನ್ನ ಕರಕೊಂಡು ಬರ್ರಿ. ಇಲ್ಲಿ ಮೆಟ್ಟಲಾ ಇಲ್ಲ."

ಮರುಗ ಈಗ ನಮ್ಮ ದೇವರ ಜಗುಲಿಯ ಮೇಲಿದೆ. ಪದ್ಮಾ ದಿನಾ ಮುಟ್ಟಿ ನೋಡಿ, ಇನ್ನೂ ಪೂರ್ತಿ ಒಣಗಿಲ್ಲ ಎನ್ನುತ್ತಾಳೆ. ಬರುವ ರವಿವಾರದ ಹೊತ್ತಿಗೆ ಒಣಗಲೇಬೇಕು ಎಂದು ನಿನ್ನೆ ನಾನೇ ಅದನ್ನು ಎತ್ತಿ ಬಿಸಿಲಿಗೆ ಇಟ್ಟೆ.